ಸಣ್ಣಹೊಳೆಗೆ ಹೋಗದ ಬೆಳಿಗ್ಗೆ

ನನ್ನ ಅಕ್ಕ ಮೀನು ಹಿಡಿಯುತ್ತಿದ್ದಳು ಎಂದರೆ ನಮ್ಮ ಕಡೆಯವರು ಮೊದಲು ನಗುತ್ತಾರೆ. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಹರಿಹರದಲ್ಲಿ ತುಂಗಭದ್ರೆಯ ಹತ್ತಿರವೇ ಬೆಳೆದರೂ ನಾವು ಹೊಳೆಗೆ ಹೋಗುತ್ತಿದ್ದದ್ದು ಸ್ನಾನಕ್ಕೆ, ಇಲ್ಲವೇ ಸಂಜೆ ಸೇತುವೆಯ ಮೇಲೆ ಗಾಳಿಗೆ ನಿಲ್ಲುವುದಕ್ಕೆ. ಅಂಥವಳು ಮೆಲ್ಬರ್ನಿನಲ್ಲಿ ನರ್ಸ್ ಆಗಿ ಸೇರಿದ ಎರಡನೇ ವರ್ಷಕ್ಕೆ, ರಜೆಯ ದಿನ ಬೆಳಗಾಗುವ ಮೊದಲೇ ಎದ್ದು ನೂರು ಕಿಲೋಮೀಟರ್ ಕಾರು ಓಡಿಸಿಕೊಂಡು ಹೋಗಿ, ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ತೊಟ್ಟು, ಹೊಳೆಯ ನಡುವೆ ನಿಂತು ಟ್ರೌಟ್ ಮೀನಿಗೆ ಗಾಳ ಬೀಸುತ್ತಿದ್ದಳು. ಎರೆಹುಳು ಸಿಕ್ಕಿಸುವ ಗಾಳವಲ್ಲ. ಸಣ್ಣ ಕೊಕ್ಕೆಗೆ ದಾರ, ಗರಿ, ಕೂದಲು ಸುತ್ತಿ ನೊಣದ ಹಾಗೋ ಮಿಡತೆಯ ಹಾಗೋ ಮಾಡಿರುತ್ತಾರೆ. ಅದಕ್ಕೆ ಫ್ಲೈ ಎಂದು ಹೆಸರು. ನಿಜವಾದ ಹುಳವೇ ಬಿದ್ದಿತೇನೋ ಎನ್ನುವಂತೆ ಅದನ್ನು ನೀರಿನ ಮೇಲೆ ಇಳಿಸಬೇಕು. ಸಿಕ್ಕ ಮೀನನ್ನು ಅಕ್ಕ ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೇ ಬಿಡುತ್ತಿದ್ದಳು.

"ಬಿಡೋದೇ ಆದ್ರೆ ಹಿಡಿಯೋದ್ಯಾಕೆ?" ಎಂದು ಅಮ್ಮ ಫೋನಿನಲ್ಲಿ ಕೇಳಿದ್ದಳು.

"ನೀನು ದಿನಾ ರಂಗೋಲಿ ಹಾಕ್ತೀಯಲ್ಲಮ್ಮ, ಎತ್ತಿ ಇಟ್ಕೊಳ್ತೀಯಾ?" ಎಂದಿದ್ದಳು ಅಕ್ಕ.

ಇದನ್ನು ಅವಳಿಗೆ ಕಲಿಸಿದವರು ಅವಳ ವಾರ್ಡಿನ ಹಿರಿಯ ನರ್ಸ್ ಒಬ್ಬರು. ಅರವತ್ತರ ಹತ್ತಿರದ ಆಸ್ಟ್ರೇಲಿಯನ್ ಹೆಂಗಸು, ಮಾತು ಕಡಿಮೆ, ಕೈ ದೊಡ್ಡದು. ಅಕ್ಕನಿಗೆ ಈ ದೇಶದಲ್ಲಿ ಗೆಳತಿ ಎಂದರೆ ಅವರೊಬ್ಬರೇ. ಅಕ್ಕ ಮದುವೆಯಾಗಲಿಲ್ಲ. ಯಾಕೆ ಎಂದು ಹಬ್ಬದ ಊಟಗಳಲ್ಲಿ ಆಂಟಿಯರು ಕೇಳಿದರೆ ಪರ್ಸಿನಿಂದ ಡ್ಯೂಟಿ ರೋಸ್ಟರ್ ತೆಗೆದು, "ಇದರಲ್ಲಿ ಮುಹೂರ್ತ ಎಲ್ಲಿದೆ, ನೀವೇ ನೋಡಿ ಆಂಟಿ" ಎನ್ನುತ್ತಿದ್ದಳು. ಅವರು ನಿಜವಾಗಿಯೂ ನೋಡುತ್ತಿದ್ದರು.

ನನಗಿಂತ ಅವಳು ಆರು ವರ್ಷ ದೊಡ್ಡವಳು. ನನ್ನನ್ನು ಓದಲು ಕರೆಸಿಕೊಂಡವಳೂ ಅವಳೇ. ಮೆಲ್ಬರ್ನಿನ ಕ್ಲೇಟನ್ ಬಡಾವಣೆಯ ಅವಳ ಒಂದು ಕೋಣೆಯ ಮನೆಯಲ್ಲಿ, ಹಾಲಿನ ಸೋಫಾದ ಮೇಲೆ, ನಾನು ಎರಡು ವರ್ಷ ಮಲಗಿದೆ. ಶಿಫ್ಟ್ ಮುಗಿಸಿ ಬಂದವಳು ಕಾಲುಚೀಲ ಕಳಚುವ ಮೊದಲು ಅನ್ನಕ್ಕೆ ಇಡುತ್ತಿದ್ದಳು. ಎಷ್ಟೋ ಶನಿವಾರ ನನ್ನನ್ನೂ ಎಬ್ಬಿಸಿ ಹೊಳೆಗೆ ಕರೆದುಕೊಂಡು ಹೋದಳು. ನಾನು ದಡದಲ್ಲಿ ಕುಳಿತು ಅಸೈನ್‌ಮೆಂಟ್ ಓದುತ್ತಿದ್ದೆ. ನಡುನಡುವೆ ತಲೆಯೆತ್ತಿದರೆ ಅವಳ ಬೆನ್ನು ಕಾಣುತ್ತಿತ್ತು, ಅವಳ ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗುವ ದಾರ ಕಾಣುತ್ತಿತ್ತು. ಮನೆಯಲ್ಲಿ, ಆಸ್ಪತ್ರೆಯಲ್ಲಿ, ಫೋನಿನಲ್ಲಿ ಯಾವಾಗಲೂ ಯಾರಿಗಾದರೂ ಏನಾದರೂ ಮಾಡಿಕೊಡುತ್ತಿದ್ದ ಅಕ್ಕ, ಅಲ್ಲಿ ಮಾತ್ರ ಯಾರಿಗೂ ಏನೂ ಮಾಡಿಕೊಡುತ್ತಿರಲಿಲ್ಲ.

ಅವಳು ಹೋಗುತ್ತಿದ್ದ ಹೊಳೆಗಳು ಎರಡು. ಹೀಲ್ಸ್‌ವಿಲ್ ದಾಟಿ, ಎತ್ತರದ ಮರಗಳ ಬ್ಲ್ಯಾಕ್ ಸ್ಪರ್ ಘಾಟಿ ಇಳಿದ ಮೇಲೆ ಒಂದು ಕಡೆ ರಸ್ತೆ ಕವಲೊಡೆಯುತ್ತದೆ. ನೇರ ಹೋದರೆ ಹೈವೇ ಪಕ್ಕದಲ್ಲೇ ಹರಿಯುವ ಅಗಲವಾದ ಹೊಳೆ. ಕಾರು ನಿಲ್ಲಿಸಿದರೆ ಹತ್ತು ಹೆಜ್ಜೆಗೆ ನೀರು, ಚಪ್ಪಟೆ ಜಲ್ಲಿಯ ದಡ, ಎದುರಿಗೆ ರಜೆಗೆ ಬಂದವರು ಮನೆಯಂಥ ಗಾಡಿ ನಿಲ್ಲಿಸಿಕೊಂಡು ಉಳಿಯುವ ಕ್ಯಾರವಾನ್ ಪಾರ್ಕ್. ಬಲಕ್ಕೆ ತಿರುಗಿದರೆ ಮಣ್ಣು ರಸ್ತೆ. ಅದು ಮುಗಿದ ಮೇಲೆ ಕಾಲುದಾರಿ. ಆಮೇಲೆ ಜರೀಗಿಡಗಳ ಕಾಡಿನೊಳಗೆ ಬಂಡೆಯಿಂದ ಬಂಡೆಗೆ ಇಳಿಯುವ ಕಿರಿದಾದ, ತಣ್ಣನೆಯ ಹೊಳೆ. ಅವುಗಳ ಇಂಗ್ಲಿಷ್ ಹೆಸರನ್ನು ನಾವು ಹೇಳುತ್ತಿರಲಿಲ್ಲ. ಒಂದು ದೊಡ್ಡಹೊಳೆ, ಇನ್ನೊಂದು ಸಣ್ಣಹೊಳೆ. ಹೊಸಬರನ್ನು ಕರೆದುಕೊಂಡು ಹೋದರೆ ದೊಡ್ಡಹೊಳೆ. ತನಗಾಗಿ ಹೋದರೆ ಸಣ್ಣಹೊಳೆ.

ಓದು ಮುಗಿಸಿ ನಾನು ಸಿಡ್ನಿಗೆ ಹೋದೆ. ನಾರ್ತ್ ಸಿಡ್ನಿಯಲ್ಲಿ ಕೆಲಸ, ಆಮೇಲೆ ಇಲ್ಲೇ ನೆಲೆಸಲು ಪಿಆರ್, ಮದುವೆ, ಕ್ವೇಕರ್ಸ್ ಹಿಲ್‌ನಲ್ಲಿ ಮನೆ, ಮಗಳು. ಅಕ್ಕ ವರ್ಷಕ್ಕೆರಡು ಸಲ ಬರುತ್ತಿದ್ದಳು. ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಬಿಡದೆ ಅವಳ ಜೊತೆ ಕನ್ನಡದಲ್ಲೇ ಜಗಳವಾಡುತ್ತಿದ್ದಳು. ನಾನು ಮೆಲ್ಬರ್ನಿಗೆ ಹೋಗುವುದು ಕಡಿಮೆಯಾಯಿತು. ಒಂದು ಗಂಟೆಯ ಫ್ಲೈಟ್ ತಾನೇ, ಯಾವಾಗ ಬೇಕಾದರೂ ಹೋಗಬಹುದು ಎಂದುಕೊಂಡೇ ವರ್ಷಗಳು ಕಳೆದವು.

೨೦೦೬ರ ಜುಲೈನಲ್ಲಿ, ಇಲ್ಲಿಯ ಚಳಿಗಾಲದಲ್ಲಿ, ಅವಳ ಅಂಡಾಶಯದಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಅಮ್ಮನಿಗೆ 'ಹೊಟ್ಟೆಯಲ್ಲಿ ಒಂದು ಗಡ್ಡೆ, ತೆಗೆದರು' ಎಂದಷ್ಟೇ ಹೇಳಿದೆವು. ಮಂಡಿ ಆಪರೇಷನ್ ಆಗಿ ದಾವಣಗೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದ ಅಮ್ಮ, ಅಷ್ಟು ದೂರ ವಿಮಾನದಲ್ಲಿ ಬರುವ ಸ್ಥಿತಿಯಲ್ಲಿರಲಿಲ್ಲ. ನಾನು ತಿಂಗಳಿಗೊಮ್ಮೆ ಹೋಗಿಬರುತ್ತಿದ್ದೆ. ಔಷಧಿಯಿಂದ ಅವಳ ಬೆರಳ ತುದಿಗಳು ಮರಗಟ್ಟಿದವು. ಗುಂಡಿ ಹಾಕಿಕೊಳ್ಳಲಾಗದೆ ಅಂಗಿಗಳನ್ನೆಲ್ಲ ಬಿಟ್ಟು ಟೀಶರ್ಟ್ ತೊಡುತ್ತಿದ್ದಳು. ಅದನ್ನು ಕೇಳಿದರೆ, "ಬೆರಳಿಗೆ ರಜಾ ಕೊಟ್ಟಿದೀನಿ" ಎನ್ನುತ್ತಿದ್ದಳು.

ಮರುವರ್ಷ ಮಾರ್ಚ್ ಮಧ್ಯದಲ್ಲಿ ಒಂದು ದಿನ ಆಫೀಸಿಗೆ ಫೋನ್ ಮಾಡಿದಳು. ಅವಳು ಆಫೀಸಿಗೆ ಫೋನ್ ಮಾಡುವವಳಲ್ಲ.

"ಟ್ರೀಟ್‌ಮೆಂಟ್‌ಗೆ ಗ್ಯಾಪ್ ಕೊಟ್ಟಿದಾರೆ ಕಣೋ. ಮುಂದಿನ ಶನಿವಾರ ಬರ್ತೀಯಾ? ಒಂದು ಬೆಳಿಗ್ಗೆ ಮೀನು ಹಿಡಿಯೋಕೆ ಹೋಗೋಣ. ಒಬ್ಬನೇ ಬಾ."

"ಬರ್ತೀನಿ. ಆದ್ರೆ ನಿನ್ ಕೈಯಲ್ಲಿ ಆಗುತ್ತಾ ಅಕ್ಕ?"

"ನೀನಿದೀಯಲ್ಲ" ಎಂದಳು.

ಗ್ಯಾಪ್ ಎಂಬ ಮಾತು ನನಗೆ ಒಳ್ಳೆಯ ಸುದ್ದಿಯ ಹಾಗೆ ಕೇಳಿಸಿತು. ಹೆಂಡತಿಗೂ ಹಾಗೇ ಹೇಳಿದೆ.

ಶುಕ್ರವಾರ ಸಂಜೆ ನಾನು ತಲುಪಿದಾಗ ಅವಳು ಊಟದ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿಟ್ಟಿದ್ದಳು. ಗಾಳದ ಎರಡು ರಾಡ್, ದಾರ ಸುತ್ತುವ ರೀಲು, ಫ್ಲೈಗಳ ತಗಡಿನ ಡಬ್ಬಿ, ಎರಡು ಜೊತೆ ರಬ್ಬರ್ ಪ್ಯಾಂಟು. ತಲೆಗೆ ಹತ್ತಿಯ ಸ್ಕಾರ್ಫ್ ಸುತ್ತಿದ್ದಳು. ಒಂದು ತಿಂಗಳಲ್ಲಿ ಇನ್ನೂ ಇಳಿದಿದ್ದಳು. ಕೆನ್ನೆಯ ಮೂಳೆ ನೋಡಿ ನಾನು ತಡಮಾಡದೆ ಬೇರೆ ಕಡೆ ನೋಡಿದೆ. ಮೊಸರನ್ನ ತಿನ್ನುತ್ತಾ ಅವಳು ಹೇಳಿದಳು:

"ನಾಳೆ ಸಣ್ಣಹೊಳೆಗೆ."

"ಅಷ್ಟು ದೂರ ನಡೀಬೇಕಲ್ಲ ಅಕ್ಕ. ದೊಡ್ಡಹೊಳೇಲಾದ್ರೆ ಕಾರಿಂದ ಇಳಿದ್ರೆ ನೀರು."

"ದೊಡ್ಡಹೊಳೆ ಈಗ ವೇಸ್ಟ್. ಈ ವರ್ಷ ಮಳೆ ಎಲ್ಲಿ ಬಂದಿದೆ? ನೀರು ಇಳಿದು ಬೆಚ್ಚಗಾಗಿರುತ್ತೆ, ಮೀನು ಬಾಯಿ ತೆಗೆಯಲ್ಲ. ಮೇಲೆ ಕಾಡಲ್ಲಿ ತಣ್ಣಗಿರುತ್ತೆ."

ಅವಳು ಹೇಳಿದ್ದು ಸುಳ್ಳಲ್ಲ. ಅದು ಬರದ ವರ್ಷ. ಮೆಲ್ಬರ್ನಿನಲ್ಲಿ ಗಿಡಗಳಿಗೆ ನೀರು ಹಾಕುವುದಕ್ಕೂ ವಾರದಲ್ಲಿ ಎರಡೇ ದಿನ ಅನುಮತಿ ಇತ್ತು. ಆದರೆ ನನ್ನ ತಲೆಯಲ್ಲಿದ್ದದ್ದು ಮೀನಲ್ಲ. ಕಾಲುದಾರಿಯಲ್ಲಿ ಅವಳು ಬಿದ್ದರೆ, ಫೋನಿಗೆ ಸಿಗ್ನಲ್ ಇಲ್ಲದ ಕಡೆ ಉಸಿರು ಕಟ್ಟಿದರೆ, ನಾನೊಬ್ಬನೇ ಏನು ಮಾಡಲಿ ಎಂಬುದು.

"ಬೆಳಿಗ್ಗೆ ನೋಡೋಣ" ಎಂದೆ.

ಬೆಳಿಗ್ಗೆ ಐದೂವರೆಗೆ ಹೊರಟೆವು. ನಾನು ಕಾರು ಓಡಿಸಿದೆ. ಅವಳು ಪಕ್ಕದ ಸೀಟಿನಲ್ಲಿ ಕಂಬಳಿ ಹೊದ್ದು, ತೊಡೆಯ ಮೇಲೆ ಫ್ಲೈ ಡಬ್ಬಿ ಇಟ್ಟುಕೊಂಡು ಕುಳಿತಿದ್ದಳು. ಘಾಟಿಯಲ್ಲಿ ಮಂಜು ಇತ್ತು. ಅಮ್ಮನ ಬಗ್ಗೆ, ನನ್ನ ಮಗಳ ಬಗ್ಗೆ ಮಾತಾಡಿದೆವು. ಅವಳಿಗೆ ತೋರದ ಹಾಗೆ ನಾನು ಕಾರಿನ ಡಿಕ್ಕಿಯಲ್ಲಿ ಒಂದು ಮಡಚುವ ಕುರ್ಚಿ ಹಾಕಿಕೊಂಡಿದ್ದೆ. ಅಂದರೆ ನಾನು ಮನೆ ಬಿಡುವ ಮೊದಲೇ ತೀರ್ಮಾನ ಮಾಡಿ ಆಗಿತ್ತು.

ಕವಲಿನ ಹತ್ತಿರ ಬಂದಾಗ ವೇಗ ಇಳಿಸಿದೆ. ಹಿಂದೆ ಮುಂದೆ ಒಂದು ಗಾಡಿಯೂ ಇರಲಿಲ್ಲ.

"ಬಲಕ್ಕೆ" ಎಂದಳು ಅಕ್ಕ.

"ಅಕ್ಕ, ಈ ಸಲ ದೊಡ್ಡಹೊಳೆಗೆ ಹೋಗೋಣ. ಸ್ವಲ್ಪ ಶಕ್ತಿ ಬರಲಿ ನಿಂಗೆ. ಮೇ ತಿಂಗಳಲ್ಲಿ ಮತ್ತೆ ಬರ್ತೀನಿ, ಪ್ರಾಮಿಸ್. ಆಗ ಸಣ್ಣಹೊಳೆಗೇ ಹೋಗೋಣ. ಎಲ್ಲಿಗೂ ಓಡಿಹೋಗಲ್ಲ ಅದು."

ಅವಳು ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅವಳು ಬಾಯಿ ತೆರೆದದ್ದನ್ನು ನಾನು ಕಂಡೆ. ಇದನ್ನು ಬರೆಯುವಾಗ ಅದನ್ನು ಬಿಟ್ಟುಬಿಡಬಹುದಿತ್ತು, ಆದರೆ ಕಂಡದ್ದು ನಿಜ. ಆಮೇಲೆ ಅವಳು ಗಾಜಿನಾಚೆ ನೋಡುತ್ತಾ, "ಆಯ್ತು ಬಿಡು. ಸ್ಟೀರಿಂಗ್ ನಿನ್ ಕೈಯಲ್ಲಿದೆ" ಎಂದಳು. ಮುನಿಸಿನಲ್ಲಿ ಹೇಳಲಿಲ್ಲ. ವಾರ್ಡಿನಲ್ಲಿ ಹೆದರಿದ ರೋಗಿಗಳ ಜೊತೆ ಅವಳು ಮಾತಾಡುತ್ತಿದ್ದದ್ದೂ ಹೀಗೇ.

ದೊಡ್ಡಹೊಳೆಯಲ್ಲಿ ನೀರು ಮೊಣಕಾಲಿನಷ್ಟೂ ಇರಲಿಲ್ಲ. ಕಲ್ಲುಗಳ ಮೇಲೆ ಕಂದು ಪಾಚಿ ಒಣಗಿತ್ತು. ಎದುರು ದಡದ ಕ್ಯಾರವಾನ್ ಪಾರ್ಕಿನಲ್ಲಿ ಯಾರೋ ಸಾಸೇಜ್ ಹುರಿಯುತ್ತಿದ್ದರು, ಹೊಗೆ ನೀರಿನ ಮೇಲೆ ತೇಲಿ ಬರುತ್ತಿತ್ತು. ನಾನು ಕುರ್ಚಿ ಬಿಚ್ಚಿ ಜಲ್ಲಿಯ ಮೇಲೆ, ನೀರಿನ ಅಂಚಿಗೆ ಇಟ್ಟೆ. ಅಕ್ಕ ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು, ಕುಳಿತಳು. ರಬ್ಬರ್ ಪ್ಯಾಂಟು ಹಾಕಿಕೊಳ್ಳಲೇ ಇಲ್ಲ.

ಫ್ಲೈಯನ್ನು ದಾರಕ್ಕೆ ಕಟ್ಟಲು ಅವಳ ಬೆರಳಿಗೆ ಆಗುತ್ತಿರಲಿಲ್ಲ. ಅವಳು ಹೇಳಿಕೊಡುತ್ತಾ ಹೋದಳು, ನಾನು ಕಟ್ಟಿದೆ. "ಐದು ಸುತ್ತು. ಈಗ ಎಂಜಲು ಹಚ್ಚು. ನಿಧಾನಕ್ಕೆ ಎಳಿ." ಮಿಡತೆಯಂತಿದ್ದ ಹಳದಿ ಫ್ಲೈ. ಕುಳಿತಲ್ಲಿಂದಲೇ ಅವಳು ರಾಡ್ ಎತ್ತಿ ಬೀಸಿದಳು. ಕುರ್ಚಿಯ ಕೈ ಅಡ್ಡ ಬರುತ್ತಿತ್ತು. ನಾಲ್ಕೈದು ಸಲ ಫ್ಲೈ ಅವಳ ಬೆನ್ನ ಹಿಂದಿನ ಹುಲ್ಲಿಗೆ ಸಿಕ್ಕಿಕೊಂಡಿತು. ನಾನು ಓಡಿಹೋಗಿ ಬಿಡಿಸಿದೆ. ನಾಯಿಯನ್ನು ಅಡ್ಡಾಡಿಸುತ್ತಾ ಬಂದ ಗಂಡ ಹೆಂಡತಿ ನಿಂತು ನೋಡಿದರು. ಅವಳ ಸ್ಕಾರ್ಫನ್ನೂ ಕುರ್ಚಿಯನ್ನೂ ಕಂಡು ಆ ಗಂಡಸು ಮಗುವಿಗೆ ಹೇಳುವ ದನಿಯಲ್ಲಿ, "ಭೇಷ್, ತುಂಬಾ ಚೆನ್ನಾಗಿ ಮಾಡ್ತಿದೀಯಮ್ಮ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಅಕ್ಕ ನಕ್ಕು ಥ್ಯಾಂಕ್ಸ್ ಹೇಳಿದಳು. ಅವರು ದೂರ ಹೋದ ಮೇಲೆ ರಾಡನ್ನು ನನ್ನ ಕಡೆ ಚಾಚಿದಳು.

"ನೀನ್ ಹಾಕು. ನಾನು ನೋಡ್ತೀನಿ."

ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

ನನಗೆ ಸರಿಯಾಗಿ ಬೀಸಲು ಬರುವುದಿಲ್ಲ. ಹೇಗೋ ಹಾಕಿದ್ದು ಒಂದು ಮುಳುಗಿದ ದಿಮ್ಮಿಯ ಪಕ್ಕ ಬಿತ್ತು, ಹೇಗೋ ಒಂದು ಮೀನು ಕಚ್ಚಿತು. ಗೇಣುದ್ದದ ಕಂದು ಟ್ರೌಟ್, ಮೈಮೇಲೆ ಕೆಂಪು ಚುಕ್ಕೆ. "ಬೇಗ, ಬೇಗ ತಾ. ಈ ನೀರಲ್ಲಿ ಅದಕ್ಕೆ ಸುಸ್ತಾಗುತ್ತೆ" ಎಂದು ಅಕ್ಕ ಕುರ್ಚಿಯಿಂದ ಎದ್ದು, ಜಲ್ಲಿಯ ಮೇಲೆ ಮೊಣಕಾಲೂರಿ, ಎರಡೂ ಕೈಗಳನ್ನು ನೀರಿಗೆ ಅದ್ದಿದಳು. ಕೊಕ್ಕೆಯನ್ನು ನಾನು ತೆಗೆದೆ. ಅವಳು ಮೀನನ್ನು ಹರಿವಿನ ಕಡೆ ಮುಖಮಾಡಿ ಹಿಡಿದುಕೊಂಡಳು.

"ಉಸಿರಾಡ್ತಿದೆಯಾ?"

"ಹೂಂ."

"ಹಿಡ್ಕೊಂಡಿರೋದೇ ಗೊತ್ತಾಗ್ತಿಲ್ಲ ಕಣೋ ನಂಗೆ. ನೀರು ತಣ್ಣಗಿದೆಯಾ?"

ನಾನು ಕೈ ಅದ್ದಿದೆ. ಬಕೆಟ್ಟಿನಲ್ಲಿ ಬಿಸಿಲಿಗಿಟ್ಟ ನೀರಿನ ಹಾಗಿತ್ತು.

"ತಣ್ಣಗಿದೆ ಅಕ್ಕ" ಎಂದೆ.

ಅವಳು ಕೈ ಬಿಟ್ಟಳು. ಮೀನು ಸ್ವಲ್ಪ ದೂರ ಓರೆಯಾಗಿ ತೇಲಿತು, ಆಮೇಲೆ ನೆಟ್ಟಗಾಗಿ ದಿಮ್ಮಿಯ ಅಡಿಗೆ ಹೋಯಿತು. ಅದು ಉಳಿಯಿತೋ ಇಲ್ಲವೋ ನನಗೆ ತಿಳಿಯದು. ಅಕ್ಕನನ್ನು ಎಬ್ಬಿಸಲು ತೋಳು ಹಿಡಿದಾಗ ನನ್ನ ಬೆರಳುಗಳು ಪೂರ್ತಿ ಸುತ್ತಿ ಒಂದನ್ನೊಂದು ಮುಟ್ಟಿದವು. ಒಂಬತ್ತು ಗಂಟೆಗೆಲ್ಲ ಕಾರಿನಲ್ಲಿದ್ದೆವು. ಕವಲನ್ನು ದಾಟುವಾಗ ಅವಳು ಕಣ್ಣು ಮುಚ್ಚಿದ್ದಳು. ನಿದ್ದೆ ಎಂದುಕೊಂಡೆ.

ಭಾನುವಾರ ನಾನು ಹೊರಡುವಾಗ ಬಾಗಿಲವರೆಗೂ ಬಂದು, "ಚೆನ್ನಾಗಿತ್ತು ಕಣೋ. ಬಂದಿದ್ದು ಒಳ್ಳೇದಾಯ್ತು" ಎಂದಳು. ನಾನದನ್ನು ನಂಬಿದೆ. ಸಿಡ್ನಿಯ ವಿಮಾನದಲ್ಲಿ ನನಗೆ ಒಂದು ಬಗೆಯ ಸಮಾಧಾನವೇ ಇತ್ತು. ಅವಳನ್ನು ಕರೆದುಕೊಂಡು ಹೋದೆ, ಕ್ಷೇಮವಾಗಿ ಕರೆತಂದೆ ಎಂದು.

ಐದು ವಾರಗಳ ನಂತರ ಅವಳ ಗೆಳತಿ, ಆ ಹಿರಿಯ ನರ್ಸ್, ನನ್ನ ಆಫೀಸಿಗೆ ಫೋನ್ ಮಾಡಿ, ತಕ್ಷಣ ಹೊರಟು ಬರಬೇಕು ಎಂದರು. ನಾನು ತಲುಪಿದಾಗ ಅಕ್ಕನಿಗೆ ಎಚ್ಚರವಿರಲಿಲ್ಲ. ಎರಡು ದಿನ ಪಕ್ಕದಲ್ಲಿದ್ದೆ. ಕೈ ಹಿಡಿದುಕೊಂಡಿದ್ದೆ, ಆದರೆ ಅದು ಅವಳಿಗೆ ಗೊತ್ತಾಗುವುದಿಲ್ಲ ಎಂಬುದು ತಲೆಯಿಂದ ಹೋಗಲಿಲ್ಲ. ಆಮೇಲೆ ಹೊಳೆದು ಅಂಗೈಯನ್ನು ಅವಳ ಹಣೆಯ ಮೇಲಿಟ್ಟೆ. ಮೂರನೆಯ ದಿನ ಮಧ್ಯಾಹ್ನ ಅವಳು ಹೋದಳು. ಅವಳಿಗೆ ನಲವತ್ತು ವರ್ಷ.

ದಹನದ ನಂತರ ಚಹಾ ಇಟ್ಟಿದ್ದರು. ಅವಳ ವಾರ್ಡಿನವರು, ಕ್ಲೇಟನ್ನಿನ ಕೆಲವು ಕನ್ನಡದವರು ಬಂದಿದ್ದರು. ಗೆಳತಿ ಕಪ್ಪು ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತರು.

"ಆ ಬೆಳಿಗ್ಗೆ ನೀನು ಅವಳಿಗೆ ಕೊಟ್ಟದ್ದು ದೊಡ್ಡದು" ಎಂದರು. "ಸಣ್ಣಹೊಳೆ ಹೇಗಿತ್ತು ಅಂತ ಎಷ್ಟು ಕೇಳಿದರೂ ಅವಳು ಚೆನ್ನಾಗಿತ್ತು ಅಂದಳೇ ಹೊರತು ಇನ್ನೇನೂ ಹೇಳಲಿಲ್ಲ. ನೀನಾದರೂ ಹೇಳು."

ಅವರು ಆ ಹೊಳೆಯ ಇಂಗ್ಲಿಷ್ ಹೆಸರನ್ನೇ ಹೇಳಿದ್ದು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ನಾವು ಅಲ್ಲಿಗೆ ಹೋಗಲಿಲ್ಲ" ಎಂದೆ. "ಹೈವೇ ಪಕ್ಕದ್ದಕ್ಕೆ ಹೋದೆವು. ನಾನೇ ಕರೆದುಕೊಂಡು ಹೋದೆ. ನಡೆಯೋದು ಅವಳಿಗೆ ಕಷ್ಟ ಅಂತ."

ಅವರು ಕೈಲಿದ್ದ ಕಪ್ಪನ್ನು ಕೆಳಗಿಟ್ಟರು. ಆಮೇಲೆ ಕೇಳಿದರು: "ಟ್ರೀಟ್‌ಮೆಂಟ್ ನಿಲ್ಲಿಸಿದ್ದು ನಿನಗೆ ಗೊತ್ತಿತ್ತಲ್ಲ?"

"ಗ್ಯಾಪ್ ಅಂದಿದ್ದಳು."

"ಗ್ಯಾಪ್ ಅಲ್ಲ. ಇನ್ನು ಉಪಯೋಗವಿಲ್ಲ ಅಂತ ನಿಲ್ಲಿಸಿದರು. ಮಾರ್ಚ್ ಮೊದಲ ವಾರದಲ್ಲೇ. ಹೊಳೆಗೆ ಹೋದಾಗ ನಿನಗೆ ಹೇಳ್ತೀನಿ ಅಂದಿದ್ದಳು ನನಗೆ."

ಕವಲಿನ ಹತ್ತಿರ ಅವಳು ತೆರೆದ ಬಾಯಿಯಿಂದ ಏನು ಬರಬೇಕಿತ್ತು ಎಂದು ಆಗ ತಿಳಿಯಿತು. ಮೇ ತಿಂಗಳಿಗೆ ತಾನು ಇರುವುದಿಲ್ಲ ಎಂದು ಅವಳು ಹೇಳಿದ್ದರೆ ನಾನು ಬಲಕ್ಕೆ ತಿರುಗಿಸುತ್ತಿದ್ದೆ. ತನಗೆ ಬೇಕಾದ ಹೊಳೆ ಸಿಗಲು ನನಗೆ ಅದನ್ನು ಹೇಳಬೇಕಿತ್ತು. ನನ್ನ ಮುಖ ನೋಡಿ ಅವಳು ಹೊಳೆಯನ್ನೇ ಬಿಟ್ಟುಕೊಟ್ಟಳು.

ಜೂನ್ ಮೊದಲ ವಾರ, ಟ್ರೌಟ್ ಹಿಡಿಯಲು ಅನುಮತಿಯಿರುವ ಸೀಸನ್ ಮುಗಿಯುವ ಮುನ್ನ, ಅವಳ ಮನೆ ಖಾಲಿ ಮಾಡಲು ಹೋಗಿದ್ದಾಗ ಗೆಳತಿ ನನ್ನನ್ನು ಸಣ್ಣಹೊಳೆಗೆ ಕರೆದುಕೊಂಡು ಹೋದರು. ರಾಡ್ ಇಬ್ಬರೂ ಒಯ್ಯಲಿಲ್ಲ. ಕಾಲುದಾರಿ ನನ್ನ ನೆನಪಿನಲ್ಲಿ ಅರ್ಧ ಗಂಟೆಯ ಹಾದಿ. ಅವತ್ತು ನಿಧಾನವಾಗಿ ನಡೆದರೂ ಹನ್ನೆರಡು ನಿಮಿಷವಾಯಿತು. ವಿದ್ಯಾರ್ಥಿಯಾಗಿದ್ದಾಗ ನಿದ್ದೆಗಣ್ಣಿನಲ್ಲಿ, ಬೈದುಕೊಳ್ಳುತ್ತಾ ನಡೆದದ್ದೇ ಅದನ್ನು ಅಷ್ಟುದ್ದ ಮಾಡಿತ್ತೇನೋ. ದಾರಿಯ ಎರಡೂ ಬದಿಗೆ ಬ್ಲ್ಯಾಕ್‌ಬೆರಿಯ ಮುಳ್ಳುಪೊದೆ. ಅದರ ಬಳ್ಳಿಗಳನ್ನು ಯಾರೋ ಕತ್ತರಿಸಿದ್ದು ಕಂಡಿತು. ಕತ್ತರಿಸಿದ ತುದಿಗಳು ಒಣಗಿ ಕಪ್ಪಾಗಿದ್ದವು.

"ಇದು ನೀವಾ?" ಎಂದು ಕೇಳಿದೆ.

"ನೀವು ಹೋಗುವ ಹಿಂದಿನ ದಿನ" ಎಂದರು. "ಅವಳ ಬಟ್ಟೆಗೆ ಸಿಕ್ಕಬಾರದು ಅಂತ. ನಾನೇ ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಬೇಡ, ತಮ್ಮನ ಜೊತೆ ಹೋಗಬೇಕು ಅಂದಳು."

ನನಗೆ ಅಲ್ಲೇ ಅಳು ಬಂತು. ಆಸ್ಪತ್ರೆಯಲ್ಲೂ ದಹನದಲ್ಲೂ ಬಾರದ್ದು, ಆ ಕತ್ತರಿಸಿದ ಮುಳ್ಳುಗಳ ನಡುವೆ ನಿಂತು ಬಂತು. ಗೆಳತಿ ನನ್ನನ್ನು ಸಮಾಧಾನಪಡಿಸಲಿಲ್ಲ. ನನ್ನ ತಪ್ಪಿಲ್ಲ ಎಂದೂ ಹೇಳಲಿಲ್ಲ. ಸ್ವಲ್ಪ ಮುಂದೆ ಹೋಗಿ, ನಾನು ಬರುವವರೆಗೆ ಬೆನ್ನು ಹಾಕಿ ನಿಂತರು. ಆಮೇಲೆ ಇಬ್ಬರೂ ಒಂದು ಗಂಟೆ ನೀರಿನ ಬಳಿ ಕುಳಿತೆವು. ಒಂದು ಬಂಡೆಯ ಕೆಳಗೆ ಹಸಿರು ಮಡು ಇತ್ತು. ಮೇಲಿನಿಂದ ಜರೀಗಿಡಗಳು ಬಾಗಿ ನೀರನ್ನು ಮುಟ್ಟುತ್ತಿದ್ದವು. ನೀರಿನ ಸದ್ದಿಗೆ ನಮ್ಮ ಮಾತು ನಮಗೇ ಕೇಳಿಸುತ್ತಿರಲಿಲ್ಲ. ಅವಳು ಬಂದಿದ್ದರೆ ಅಲ್ಲಿ ಯಾರೂ ಅವಳನ್ನು ನಿಂತು ನೋಡುತ್ತಿರಲಿಲ್ಲ.

ಜುಲೈನಲ್ಲಿ ಅಸ್ಥಿ ತೆಗೆದುಕೊಂಡು ಹೆಂಡತಿ, ಮಗಳ ಜೊತೆ ಊರಿಗೆ ಹೋದೆ. ಹರಿಹರದಲ್ಲಿ ವಿಸರ್ಜನೆ ಮಾಡಿ ದಾವಣಗೆರೆಗೆ ಚಿಕ್ಕಮ್ಮನ ಮನೆಗೆ ಬಂದೆವು. ಅಮ್ಮ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಸುತ್ತ ನೆಂಟರು. ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು:

"ತಮ್ಮ ಬರ್ತಾನೆ, ಕಾಡೊಳಗಿನ ಹೊಳೆಗೆ ಹೋಗ್ತೀವಿ ಅಂತ ಫೋನಲ್ಲಿ ಹೇಳಿದ್ಲು. ಅಷ್ಟು ಖುಷಿಯಾಗಿ ಅವಳು ಮಾತಾಡಿದ್ದೇ ಅವತ್ತು. ಕರ್ಕೊಂಡು ಹೋದ್ಯೇನಪ್ಪಾ?"

ಹೆಂಡತಿ ಎದುರಿಗೆ ನಿಂತಿದ್ದಳು. ಅವಳಿಗೆ ಎಲ್ಲವೂ ಗೊತ್ತಿತ್ತು.

"ಹೂಂ ಅಮ್ಮ, ಹೋಗಿದ್ವಿ" ಎಂದೆ.

"ಹೆಂಗಿತ್ತೋ?"

ನಾನು ಹೇಳಿದೆ. ಕಾಲುದಾರಿ ಎಷ್ಟು ಹೊತ್ತು, ಬಂಡೆ ಎಲ್ಲಿದೆ, ಮಡುವಿನ ನೀರಿನ ಬಣ್ಣ ಯಾವುದು, ಗಿಡಗಳು ಹೇಗೆ ಬಾಗಿದ್ದವು, ಎಲ್ಲವನ್ನೂ ಕಣ್ಣಾರೆ ಕಂಡಿದ್ದರಿಂದ ಎಲ್ಲೂ ತಡವರಿಸಲಿಲ್ಲ. ಆ ಬಂಡೆಯ ಮೇಲೆ ಅಕ್ಕನನ್ನೂ ಕೂರಿಸಿದೆ. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ನೀನಾದ್ರೂ ಅವಳ ಮನಸ್ಸಿನಂತೆ ಮಾಡಿದ್ಯಲ್ಲ" ಎಂದಳು.

ಅವತ್ತು ಸಂಜೆ ಬಂದ ಸೋದರಮಾವನಿಗೂ ಅದನ್ನೇ ಹೇಳಿಸಿದಳು. ಮರುದಿನ ಪಕ್ಕದ ಮನೆಯವರಿಗೂ. ಹೆಂಡತಿ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಆ ಬಗ್ಗೆ ಅವಳು ನನ್ನನ್ನು ಇಂದಿನವರೆಗೂ ಒಂದು ಮಾತು ಕೇಳಿಲ್ಲ. ಅಮ್ಮ ಈಗ ಯಾರು ಬಂದರೂ ತಾನೇ ಹೇಳುತ್ತಾಳೆ. ನಾನು ಹೇಳದ ಒಂದೆರಡು ಸಂಗತಿಗಳೂ ಅದರಲ್ಲಿ ಸೇರಿಕೊಂಡಿವೆ. ನಾನು ತಿದ್ದಲು ಹೋಗಿಲ್ಲ.